ಗಾಡಿ ಮೊದಲೇ ನಿಂತಿತ್ತು

ನನ್ನ ಮೊಮ್ಮಗಳು ಶೈಲಶ್ರೀಯ ಲಗ್ನ ನಮ್ಮ ದೇಗಾಂವದಲ್ಲೇ ಆಯಿತು. ವರ ಸುನೀಲ, ಬೈಲಹೊಂಗಲದವನು. ಸ್ವಂತ ಕಾರು ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದ. ಬೆಳಗಾವಿ ದವಾಖಾನೆ, ಧಾರವಾಡದ ಕೋರ್ಟು, ಹುಬ್ಬಳ್ಳಿ ಸ್ಟೇಶನ್ನು, ಎಲ್ಲಿಗೆ ಕರೆದರೂ ಬರುವ ಹುಡುಗ. ಮಾತು ಕಡಿಮೆ. ಅದೂ ಒಂದು ಗುಣವೇ ಅಂತ ಆಗ ನಾವೆಲ್ಲ ಅಂದುಕೊಂಡೆವು.

ಲಗ್ನ ಮುಗಿದ ಮೇಲೆ ಮದುಮಕ್ಕಳನ್ನು ಅದೇ ಕಾರಿನಲ್ಲಿ ಕೂಡಿಸಿ ಕಳಿಸಿದೆವು. ಹಿಂದಿನ ಸೀಟಿನ ಮೇಲೆ ನಾನು ಹೊಲಿದ ಕೌದಿ ಹಾಸಿದ್ದೆ. ಸುನೀಲನ ಗೆಳೆಯನೊಬ್ಬ ಗಾಡಿ ನಡೆಸುತ್ತಿದ್ದ. ಊರ ಹೊರಗಿನ ಏರು ಹತ್ತುವಾಗ ಗಾಡಿಯ ಜೀವ ಹೋದಂತಾಯಿತು. ಸ್ಟೇರಿಂಗಿನ ಮುಂದೆ ಹಳದಿ ದೀಪ ಹತ್ತಿತಂತೆ, ಎಂಜಿನ್ನು ಒಮ್ಮೆ ಮುಕ್ಕರಿಸಿ ಸುಮ್ಮನಾಯಿತು. ಕಳಿಸಲು ಹೋದವರು ನಾವಿನ್ನೂ ರಸ್ತೆಯಲ್ಲೇ ಇದ್ದೆವು. ಸುನೀಲ ಬಾಸಿಂಗ ಕಟ್ಟಿಕೊಂಡೇ ಇಳಿದು ಹಿಂದಿನಿಂದ ತಳ್ಳತೊಡಗಿದ.

"ನೋಡ್ರಬೇ, ಅಳಿಯಾ ಸಂಸಾರ ಇವತ್ತಿಂದನ ತಳ್ಳಾಕ ಹತ್ಯಾನ" ಅಂದಳು ನಮ್ಮ ಬಾಜೂ ಮನೆಯ ಶಟ್ಟೆವ್ವ. ಎಲ್ಲರೂ ನಕ್ಕರು. ಗಾಡಿಯೊಳಗೆ ಶೈಲಾನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗದೆ ನಿಂತವಳು ಸುನೀಲನ ತಾಯಿ ರಾಜೇಶ್ವರಿ ಒಬ್ಬಳೇ.

ರಾಜೇಶ್ವರಿ ಕೆಟ್ಟ ಹೆಂಗಸಲ್ಲ. ಗಂಡ ಗಾಡಿ ನಡೆಸುತ್ತಲೇ ರಸ್ತೆಯಲ್ಲಿ ಜೀವ ಬಿಟ್ಟವನು. ಮಗನ ಗಾಡಿ ಹೊರಟು ನಿಂತರೆ ಆಕೆಯ ಎದೆ ನಿಂತಂತಾಗುತ್ತಿತ್ತು. ಆದರೆ ಹೆದರಿಕೆ ಯಾರದಾದರೂ ತಲೆಯ ಮೇಲೆ ಇಳಿಯಬೇಕಲ್ಲ. ಈಕಿ ಕುಂತ ಕೂಡ್ಲೆ ಗಾಡಿ ನಿಂತಿತು, ಸೊಸಿಯ ಕಾಲ್ಗುಣ ಬರೋಬರಿ ಇಲ್ಲ ಅಂತ ಅಂದೇ ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಗಾಡಿಯೂ ಹಾಗೇ ಮಾಡಿತು. ಬಯಲಿನಲ್ಲಿ ಓಡುವುದು, ಏರು ಬಂದರೆ ನಿಲ್ಲುವುದು. ಹೆರಿಗೆಗೆ ಹೊರಟ ಬಸುರಿಯನ್ನು ಅರ್ಧ ದಾರಿಯಲ್ಲಿ ಬೇರೆ ಗಾಡಿಗೆ ಹತ್ತಿಸಬೇಕಾಗಿ ಬಂತು. ಆಮೇಲೆ ಗಿರಾಕಿಗಳು ಸುನೀಲನನ್ನು ಕರೆಯುವುದು ಬಿಟ್ಟರು. ಶೋರೂಮಿನವರು ಡೀಸೆಲ್ ಸರಿ ಇಲ್ಲ ಅಂದರು, ಗಾಡಿ ನಡೆಸುವ ರೀತಿ ಸರಿ ಇಲ್ಲ ಅಂದರು. ಮನೆಯಲ್ಲಿ ಲಿಂಬೆಹಣ್ಣು ಕಟ್ಟಿದರು, ಬೂದುಗುಂಬಳ ಒಡೆದರು. ಒಂದು ದಿನ ನನ್ನ ಕೌದಿಯನ್ನು ಸೀಟಿನಿಂದ ತೆಗೆದು ಶೈಲಾಳ ಕೈಗೆ ಕೊಟ್ಟರು. ಆಮೇಲೆ ಆಕೆ ಗಾಡಿಯಲ್ಲಿ ಕೂಡುವುದೇ ನಿಂತಿತು.

ಕಡೆಗೆ ಸಿರಸಂಗಿ ಕಾಳಿಕಾದೇವಿಗೆ ಗಾಡಿ ಒಯ್ದು ಪೂಜೆ ಮಾಡಿಸೋಣ ಅಂತ ಮಾಡಿದರು. ಮನೆ ಮಂದಿಯೆಲ್ಲ ಕಾರಿನಲ್ಲಿ. ಸೊಸೆ ಬಸ್ಸಿನಲ್ಲಿ ಬರಲಿ ಅಂದರು. ಶೈಲಾ ಕಾಯಿ, ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮುನವಳ್ಳಿ ಬಸ್ಸು ಹತ್ತಿದಳು. ಮುನವಳ್ಳಿ ಇನ್ನೂ ಮುಂದಿರುವಾಗ ಕಿಟಕಿಯಿಂದ ನೋಡಿದರೆ ರಸ್ತೆಯ ಮಗ್ಗುಲಿಗೆ ತಮ್ಮದೇ ಕಾರು, ಬಾನೆಟ್ಟು ತೆರೆದು ನಿಂತಿದೆ. ಸುನೀಲ ಬಗ್ಗಿ ನೋಡುತ್ತಿದ್ದಾನೆ, ಅತ್ತೆ ಬಿಸಿಲಿಗೆ ಸೆರಗು ಹೊದ್ದು ಕಲ್ಲಿನ ಮೇಲೆ ಕೂತಿದ್ದಾಳೆ. ಪಾಪದ ಹುಡುಗಿ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸಿದಳು, ಇಳಿದು ನೀರಿನ ಬಾಟಲಿ ಹಿಡಿದು ಓಡಿ ಬಂದಳು.

"ಬಂದ್ಲು ನೋಡು" ಅಂದಳಂತೆ ರಾಜೇಶ್ವರಿ. "ಈಕಿ ಹಿಂದ ಬರಾಕ ಹತ್ಯಾಳಂತನ ನಿಂತತಿ ಇದು."

ಗಾಡಿ ಮೊದಲೇ ನಿಂತಿತ್ತು, ಶೈಲಾ ಆಮೇಲೆ ಬಂದಳು. ಅದು ಸುನೀಲನಿಗೆ ಗೊತ್ತಿತ್ತು. ಅವನು ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ.

ಆ ವಾರವೇ ಆಕೆ ಒಂದು ಚೀಲ, ಆ ಕೌದಿ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಗಾಡಿ ಸರಿಯಾಗುವ ತನಕ ತವರಿನಲ್ಲಿರಲಿ ಅಂದಿದ್ದರಂತೆ. ನನ್ನ ಮಗ ನಿಜಗುಣಪ್ಪ ಸಿಟ್ಟಾಗಿ ಬೈಲಹೊಂಗಲಕ್ಕೆ ಹೋಗಿ ಕೇಳುತ್ತೇನೆ ಅಂತ ಅಂಗಿ ಹಾಕಿಕೊಂಡ. ಶೈಲಾನೇ ತಡೆದಳು. ತಾಯಿಯ ಮುಂದೆ ಬಾಯಿ ಬರಲಿಲ್ಲ ಅವರಿಗೆ, ಮನಸ್ಸಿನಲ್ಲಿ ಏನೂ ಇಲ್ಲ ಅಂದಳು. ದೋಷ ಗಾಡಿಯದು ಅಂತ ಯಾರಾದರೂ ಒಬ್ಬರು ಹೇಳಿದರೆ ಸಾಕಿತ್ತು, ಮರುದಿನವೇ ಹೋಗುವವಳು.

ಹೇಳುವವನು ಬಂದದ್ದು ರಾಮದುರ್ಗದಿಂದ. ಲಗಮಪ್ಪ ಅಂತ ಒಬ್ಬ, ಅವನದೂ ಅದೇ ಕಂಪನಿಯ ಕಾರು, ಶೋರೂಮಿನಲ್ಲಿ ಸುನೀಲನಿಗೆ ಭೆಟ್ಟಿಯಾದ. ಅವನ ಗಾಡಿಯೂ ಏರಿಗೆ ನಿಲ್ಲುತ್ತಿತ್ತು. ಸವದತ್ತಿಯಲ್ಲಿ ಇನ್ನಿಬ್ಬರ ಗಾಡಿ, ಕಿತ್ತೂರಲ್ಲಿ ಒಬ್ಬರದು. ಎಲ್ಲವೂ ಸರ್ವಿಸಿಗೆ ಹೋಗಿ ಬಂದ ಮೇಲೆಯೇ ಕೆಟ್ಟವು. ಎಲ್ಲರೂ ಕೂಡಿ ವಕೀಲರನ್ನು ಹಿಡಿದು ಬೆಳಗಾವಿಯ ಗ್ರಾಹಕರ ಕೋರ್ಟಿಗೆ ಹೋದರು. ಅಲ್ಲಿಯೂ ಕಂಪನಿಯವರು ಚಾಲಕರ ತಪ್ಪು ಅಂದಾಗ ಲಗಮಪ್ಪ ಎದ್ದು ನಿಂತು, "ನಾಕೂ ತಾಲೂಕಿನ ಡ್ರೈವರ್ ಕೂಡೇ ಗಾಡಿ ಹೊಡಿಯೋದು ಮರತ್ರೇನ್ರಿ ಸಾಹೇಬ್ರ?" ಅಂತ ಕೇಳಿದನಂತೆ.

ಆ ಸುದ್ದಿಗಳೆಲ್ಲ ಫೋನಿನಲ್ಲಿ ಶೈಲಾಗೆ ಬರುತ್ತಿದ್ದವು. ತಾರೀಖು ಮುಂದಕ್ಕೆ ಹೋದ ದಿನ ಆಕೆ ಊಟ ಬಿಡುತ್ತಿದ್ದಳು. ನಾನು ಕಮಲನಾರಾಯಣನ ಗುಡಿಗೆ ಹೋದಾಗಲೆಲ್ಲ, ದೇವರೇ ಆ ಎಂಜಿನ್ನಿನಲ್ಲಿ ಏನಾದರೂ ದೋಷ ತೋರಿಸು ಅಂತ ಬೇಡಿಕೊಂಡೆ. ಗಾಡಿ ಕೆಟ್ಟಿರಲಿ ಅಂತ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ದೇವರು ತೋರಿಸಿದ. ಈಗಿನ ಕಾರಿಗೆ ಎಂಜಿನ್ನು ನಡೆಸಲು ಒಳಗೊಂದು ಕಂಪ್ಯೂಟರು ಇರುತ್ತದಂತೆ. ಸರ್ವಿಸ್ ಮಾಡುವಾಗ ಹೊಗೆ ಕಡಿಮೆಯಾಗಲಿ ಅಂತ ಅದರಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದ್ದರು, ಏರಿಗೆ ಗಾಡಿ ನಿಲ್ಲುತ್ತಿದ್ದದ್ದು ಅದರಿಂದಲೇ. ಮಾಲೀಕರನ್ನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ. ಹೇಳಿದರೆ ಗಿರಾಕಿಗಳು ಸುಮ್ಮನೆ ಹೆದರುತ್ತಾರೆ ಅಂತ ಹೇಳಲಿಲ್ಲ ಅಂತ ಕಂಪನಿಯ ಸಾಹೇಬನೇ ಒಪ್ಪಿಕೊಂಡ. ಅದನ್ನು ತೆಗೆದು ಮೊದಲಿನಂತೆ ಮಾಡಿಕೊಡಬೇಕು ಅಂತ ಕೋರ್ಟು ಹೇಳಿತು.

ಸುನೀಲ ಅದೇ ಕಾರು ಸರಿ ಮಾಡಿಸಿಕೊಂಡು ಬಂದ. ಮುಂದಿನ ಗಾಜಿಗೆ ಮಲ್ಲಿಗೆ ಮಾಲೆ ಹಾಕಿದ್ದ. ಅವ್ವನೇ ಕರಕೊಂಡು ಬಾ ಅಂದಾಳ್ರಿ ಆಯಿ, ಅಂತ ನನ್ನ ಕಾಲು ಮುಟ್ಟಿದ. ಶೈಲಾ ಒಳಗೆ ಆಗಲೇ ಸೀರೆ ಬದಲಿಸಿದ್ದಳು. ಕೌದಿ ಮಡಚಿ ಚೀಲದ ಮೇಲಿಟ್ಟಿದ್ದಳು.

ಎಂದೂ ಮಾತಾಡದ ಹುಡುಗ ಅಂದು ಚಹಾ ಆರುವ ತನಕ ಮಾತಾಡಿದ. ವಕೀಲರು ಏನು ಅಂದರು, ಲಗಮಪ್ಪ ಏನು ಅಂದ, ಎಲ್ಲ ಹೇಳಿದ.

"ಯಾವಾಗಿಂದ ಹಿಂಗ ಐತಿ ಅಂತ ಕೇಳಿದ್ರಿ ಆಯಿ. ನಾ ಇದ್ದದ್ದು ಇದ್ದಂಗ ಹೇಳಿದೆ. ಸರ್ವಿಸ್ ಮಾಡಿಸ್ಕೊಂಡು ಹೊಳ್ಳಿ ಬರೂ ದಿನಾನ ಬೆಳವಡಿ ಏರಿಗೆ ನಿಂತಿತ್ರಿ, ಲಗ್ನಕ್ಕಿಂತ ಮೊದಲ, ಅಂದೆ. ಅಲ್ಲೇ ಸಿಕ್ಕಿಬಿದ್ರು ಅವ್ರು."

ಶೈಲಾ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು.

"ಲಗ್ನಕ್ಕಿಂತ ಮೊದಲರಿ?" ಅಂದಳು.

ಅವನ ಮುಖ ಆಗ ಬದಲಾಯಿತು. ಲೋಟ ಕೆಳಗಿಟ್ಟ. "ಗಾಡಿ ನಿಂತತಿ ಅಂದ್ರ ಅವ್ವ ಅಪಶಕುನ ಅಂತ ಲಗ್ನಾನ ಮುರೀತಿದ್ಲು. ನಿನ್ನ ಬಿಡಾಕ ನನಗ ಮನಸಿರಲಿಲ್ಲ, ಶೈಲಾ. ಅದಕ್ಕ ಹೇಳಲಿಲ್ಲ."

"ಆಮ್ಯಾಲ?"

"ಆಮ್ಯಾಲ ಹೇಳಾಕ ಆಗಲಿಲ್ಲ. ಹೆದರಿಕಿ ಆತು."

ಆಕೆ ಅವನನ್ನೇ ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ.

"ಕಂಪನಿಯವ್ರೂ ಅದನ್ನ ಅಂದ್ರಲ್ರಿ" ಅಂದಳು. "ಹೆದರಿಕಿಗೆ ಹೇಳಲಿಲ್ಲ ಅಂತ. ಅವರನ್ನ ನೀವು ಬಿಡಲಿಲ್ಲ."

ನಾನು ನಡುವೆ ಬಂದೆ. ಹುಡುಗ ನಿನ್ನ ಮೇಲಿನ ಆಸೆಗೇ ಮುಚ್ಚಿಟ್ಟಾನವ್ವಾ, ಅಂದೆ. ಹೌದು ಆಯಿ, ಅಂದಳು. ಅಷ್ಟೇ ಅಂದಳು. ಚೀಲದ ಮೇಲಿನ ಕೌದಿ ತೆಗೆದು ಬಟ್ಟೆ ಹಾಕುವ ಬಲಗಣಿಯ ಮೇಲೆ ಹಾಕಿದಳು.

ಅವನು ಹೋಗುವಾಗ ಬಾಗಿಲ ತನಕ ಬಂದಳು. ಅವನು ಗಾಡಿಯ ಎಡಗಡೆಯ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ನಿಂತ, ಆಮೇಲೆ ತಾನೇ ಬಂದು ಹಾಕಿದ.

ಗಾಡಿ ಊರು ಬಿಟ್ಟು ಏರಿನ ಕಡೆ ಹೊರಳಿತು. ಗಿಡಗಳ ಮರೆಯಾದರೂ ಸಪ್ಪಳ ಕೇಳುತ್ತಿತ್ತು. ಶೈಲಾ ಬಾಗಿಲ ಚೌಕಟ್ಟು ಹಿಡಿದು ಆಲಿಸುತ್ತಿದ್ದಳು. ನಾನೂ ಕಿವಿಗೊಟ್ಟೆ. ಇದೊಂದು ಸಲ ನಿಲ್ಲಲಿ ದೇವರೇ, ಮೊದಲಿನ ಜಾಗದಲ್ಲೇ ನಿಲ್ಲಲಿ, ಹುಡುಗಿ ನೀರಿನ ಬಾಟಲಿ ಹಿಡಿದು ಓಡಿಯಾಳು.

ಗಾಡಿ ಎಲ್ಲೂ ಮುಕ್ಕರಿಸಲಿಲ್ಲ. ಏರು ಹತ್ತಿ ಆಚೆ ಇಳಿಯಿತು. ಸಪ್ಪಳ ಪೂರ್ತಿ ಹೋದ ಮೇಲೆ ಶೈಲಾ ಒಳಗೆ ಬಂದು, ಅವನು ಕುಡಿಯದೆ ಬಿಟ್ಟ ಚಹಾದ ಲೋಟ ತೆಗೆದುಕೊಂಡು ಬಚ್ಚಲಿಗೆ ಹೋದಳು.