ದಾನಪ್ಪನ ಕತ್ತರಿ

ಉಣ್ಣೆ ಕತ್ತರಿಸುವವನು ಬರುವುದಿಲ್ಲವೆಂದು ಶನಿವಾರ ಬೆಳಿಗ್ಗೆ ಮೆಸೇಜು ಬಂತು. ಮಣಿಕಟ್ಟು ಮುರಿದುಕೊಂಡಿದ್ದನಂತೆ, ಮೂರು ವಾರ ಬಿಟ್ಟು ನೋಡೋಣ ಎಂದಿದ್ದ. ಮೂರು ವಾರ ಕಾಯಲು ಬಿಸಿಲಿಗೆ ಪುರುಸೊತ್ತಿರಬೇಕಲ್ಲ. ಅಮೆರಿಕದ ರಾಲಿ ನಗರದ ಹೊರಗಿನ ಆ ಐದು ಎಕರೆಯಲ್ಲಿ ಮೇ ತಿಂಗಳು ಮುಗಿಯುವ ಮೊದಲೇ ಬೆಂಕಿ ಸುರಿಯುತ್ತಿತ್ತು. ಹರಿಣಿಯ ಮೂರು ಅಲ್ಪಾಕಾಗಳು ತಂಪು ಬೆಟ್ಟದ ಪ್ರಾಣಿಗಳು, ಒಂಟೆಗೆ ದೂರದ ನೆಂಟರು. ಅವುಗಳಲ್ಲಿ ಎರಡು ಇಡೀ ವರ್ಷದ ಉಣ್ಣೆ ಹೊತ್ತು ಮರದ ನೆರಳಲ್ಲಿ ನಿಂತಿದ್ದವು. ಮೂರನೆಯವನು, ಬೆಲ್ಲ, ನೆಲಕ್ಕೆ ಬಿದ್ದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದ.

ಹರಿಣಿ ಅವನ ಹೊಟ್ಟೆಗೆ, ಕಾಲಿಗೆ ಪೈಪಿನಿಂದ ನೀರು ಹಿಡಿದಳು. ಏದುಸಿರು ನಿಲ್ಲಲಿಲ್ಲ. ಉಣ್ಣೆ ಇಳಿಯದೆ ಇವನು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಸೀದಾ ಮನೆಯೊಳಗೆ ಹೋಗಿ, ಬಟ್ಟೆ ಕಪಾಟಿನ ತಳದಲ್ಲಿ ಕಂಬಳಿ ತುಂಡಿನಲ್ಲಿ ಸುತ್ತಿಟ್ಟಿದ್ದ ಕತ್ತರಿಯನ್ನು ತೆಗೆದಳು.

ಅದು ಅವಳ ಅಜ್ಜ ದಾನಪ್ಪನದು. ಹಿರಿಯೂರು ಕಡೆಯ ಹಟ್ಟಿಯೊಂದರಲ್ಲಿ ಬದುಕಿರುವತನಕ ಕುರಿ ಕಾಯ್ದವನು. ಬೆಂಗಳೂರಿನಲ್ಲಿ ಬೆಳೆದ ಹರಿಣಿ ಬೇಸಿಗೆ ರಜೆಗೆ ಹೋದಾಗಲೆಲ್ಲ ಅವನ ಪಕ್ಕದಲ್ಲಿ ಕೂತು ಉಣ್ಣೆ ಕತ್ತರಿಸಲು ಕಲಿತಿದ್ದಳು. ಗಂಡ ಅಮೃತ್‌ಗೆ ಇದೆಲ್ಲ ಗೊತ್ತು. ಆದರೆ ಕನ್ನಡ ಕೂಟದವರ ಮುಂದೆ ಆ ಮಹಾರಾಯ ಹೆಂಡತಿಯ ಅಜ್ಜನಿಗೆ ಗದ್ದೆ, ತೋಟ ಎಲ್ಲ ಕೊಟ್ಟು ಜಮೀನ್ದಾರನನ್ನಾಗಿ ಮಾಡಿದ್ದ. ಕತ್ತರಿಯನ್ನು ಗೋಡೆಗೆ ತೂಗುಹಾಕೋಣ ಎಂದರೆ ಬೇಡವೆಂದಿದ್ದ. ಆರು ವರ್ಷ ಹರಿಣಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೆಯೇ ಸಿಟ್ಟು.

ಅಂದೇ ಊಟಕ್ಕೆ ಕೂಟದ ಉಷಾ ಆಂಟಿ, ತ್ಯಾಗರಾಜ ಅಂಕಲ್ ಬರುವವರಿದ್ದರು. ಹರಿಣಿ ಹಿತ್ತಲ ಮೆಟ್ಟಿಲಿಗೆ ಕತ್ತರಿ ಮಸೆಯುತ್ತಿರುವಾಗಲೇ ಅವರ ಕಾರು ಬಂತು.

"ಒಳಗೆ ಬಾ," ಎಂದ ಅಮೃತ್ ದನಿ ತಗ್ಗಿಸಿ. "ಗೆಸ್ಟ್ಸ್ ಹೋದ್ಮೇಲೆ ಬೇರೆ ಯಾರಿಗಾದ್ರೂ ಕಾಲ್ ಮಾಡೋಣ."

"ಅಷ್ಟೊತ್ತಿಗೆ ಬೆಲ್ಲ ಇರಲ್ಲ. ನೀನು ಬಂದು ಕಾಲು ಹಿಡ್ಕೋ."

ಅವಳ ಮುಖ ನೋಡಿ ಅವನು ಎದುರಾಡದೆ ಬಂದ. ಇಬ್ಬರೂ ಸೇರಿ ಬೆಲ್ಲನನ್ನು ಪಕ್ಕಕ್ಕೆ ಹೊರಳಿಸಿದರು. ಎಡಗೈಯಲ್ಲಿ ಚರ್ಮ ಬಿಗಿಹಿಡಿ, ಕತ್ತರಿಯನ್ನು ಮಲಗಿಸಿ ನಡೆಸು ಎಂದು ಅಜ್ಜ ಹೇಳುತ್ತಿದ್ದ. ತಲೆ ಮರೆತಿದ್ದರೂ ಕೈ ಮರೆತಿರಲಿಲ್ಲ. ಕಂದು ಉಣ್ಣೆ ಪದರ ಪದರವಾಗಿ ಹುಲ್ಲಿನ ಮೇಲೆ ಬಿತ್ತು.

ಉಷಾ ಆಂಟಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬೇಲಿಯ ತನಕ ಬಂದರು. "ಏನಮ್ಮಾ ಹರಿಣಿ, ಎಂ.ಟೆಕ್ ಮಾಡಿ ಕುರಿ ಕಾಯೋರ ಕೆಲಸ ಮಾಡ್ತಿದ್ಯಲ್ಲ. ಇದೆಲ್ಲ ಎಲ್ಲಿ ಕಲ್ತೆ?"

"ಯೂಟ್ಯೂಬ್ ನೋಡಿ, ಆಂಟಿ," ಎಂದು ಅಮೃತ್ ನಡುವೆ ಬಾಯಿ ಹಾಕಿದ.

ಕತ್ತರಿ ನಿಂತಿತು.

"ಯೂಟ್ಯೂಬ್ ಅಲ್ಲ ಆಂಟಿ. ನಮ್ಮಜ್ಜ ಹೇಳ್ಕೊಟ್ಟಿದ್ದು. ಅವರು ಕುರಿ ಕಾಯೋರು. ಇದು ಅವರದ್ದೇ ಕತ್ತರಿ."

"ದೊಡ್ಡ ಜಮೀನ್ದಾರರು ಅಂದಿದ್ರಲ್ಲ ಅಮೃತ್? ಅಂದ್ರೆ, ಆಳುಗಳು ಕಾಯ್ತಿದ್ರು ಅಂತಾನಾ?" ಎಂದರು ಉಷಾ ಆಂಟಿ.

"ಆಳೂ ಇರಲಿಲ್ಲ, ಜಮೀನೂ ಇರಲಿಲ್ಲ. ನೂರಿಪ್ಪತ್ತು ಕುರಿ ಇದ್ವು. ಅವನ್ನ ನಂಬ್ಕೊಂಡೇ ಅಜ್ಜ ನಮ್ಮಮ್ಮನ್ನ ಓದಿಸಿದ್ರು, ಅಮ್ಮ ನನ್ನ ಓದಿಸಿದ್ರು. ಎಂ.ಟೆಕ್ ಬಂದಿದ್ದೂ ಅಲ್ಲಿಂದಾನೇ."

ತ್ಯಾಗರಾಜ ಅಂಕಲ್ ಫೋನು ತೆಗೆದು ಅದರಲ್ಲಿ ಮುಖ ಹುದುಗಿಸಿದರು. ಅಮೃತ್ ಕಿವಿಯ ತನಕ ಕೆಂಪಾದ. ಆದರೆ ಹಿಡಿದ ಕಾಲನ್ನು ಬಿಡಲಿಲ್ಲ.

ಹರಿಣಿ ಎರಡೂ ಪಕ್ಕದ ಉಣ್ಣೆ ಇಳಿಸಿ ಮತ್ತೆ ಹೊಟ್ಟೆಗೆ ನೀರು ಹಿಡಿದಳು. ಬೆಲ್ಲನ ಉಸಿರು ನಿಧಾನವಾಯಿತು. ಬಾಯಿ ಮುಚ್ಚಿತು. ಜೀವ ಬಂದದ್ದೇ ತಡ, ಉದ್ದ ಕುತ್ತಿಗೆ ಎತ್ತಿ ಕೊಸರಾಡತೊಡಗಿದ. ಕುತ್ತಿಗೆಯ ಉಣ್ಣೆ ಇನ್ನೂ ಹಾಗೆಯೇ ಇತ್ತು, ಅಮೃತ್‌ನ ಎರಡು ಕೈಯೂ ಕಾಲುಗಳ ಮೇಲಿದ್ದವು. ಹರಿಣಿ ಬೇಲಿಯ ಕಡೆ ತಿರುಗಿದಳು.

"ಒಳಗೆ ಬಂದು ತಲೆ ಹಿಡ್ಕೊಳ್ಳಿ ಆಂಟಿ. ನಮ್ಮ ಹಟ್ಟೀಲಿ ಸುಮ್ನೆ ನೋಡ್ತಾ ನಿಂತೋರಿಗೆ ಊಟ ಹಾಕ್ತಿರಲಿಲ್ಲ."