ತರ್ಕಕ್ಕೆ ಬಂದ ಹುಡುಗಿ

“ನಿನಗೇನಪ್ಪಾ ಇಷ್ಟ?” ಎಂದು ಮೇಷ್ಟರು ಕೇಳಿದ ಕೂಡಲೇ ಹುಡುಗ ತಿರುಗಿ ಅಪ್ಪನ ಮುಖ ನೋಡಿದ.

“ಅವನಿಗೆ ಕಾಮರ್ಸ್ ಇಷ್ಟ ಸಾರ್,” ಎಂದರು ಅಪ್ಪ.

“ಅವನೇ ಹೇಳಲಿ.”

“ಹೇಳೋ. ಬಾಯಿಲ್ವಾ? ಕಾಮರ್ಸ್ ಇಷ್ಟ ಅಂತ ಹೇಳು.”

“ಕಾಮರ್ಸ್,” ಎಂದ ಹುಡುಗ, ಬಾವಿಗೆ ಕಲ್ಲು ಹಾಕಿದ ಹಾಗೆ.

ಕಂಪ್ಯೂಟರ್ ಮುಂದೆ ಕೂತ ಗುಮಾಸ್ತೆ, ಕಾಲೇಜಿಗೆಲ್ಲ ಆಕೆ ಅಕ್ಕ, ಅವನು ಬಾಯಿ ತೆರೆಯುವ ಮೊದಲೇ ಒತ್ತಿ ಮುಗಿಸಿದ್ದರು.

ಹೊಸ ಮಕ್ಕಳು ವಿಷಯ ಆರಿಸಿಕೊಳ್ಳುವ ದಿನ ಅದು. ಆರಿಸುವ ಮೊದಲು ಒಬ್ಬ ಅಧ್ಯಾಪಕರ ಸಲಹೆ ಕೇಳಲೇಬೇಕೆಂದು ನಿಯಮ. ಕಚೇರಿಗೂ ಹಜಾರಕ್ಕೂ ನಡುವೆ ಗಾಜಿನ ಗೋಡೆ, ಗಾಜಿನಲ್ಲೊಂದು ಕಿಂಡಿ. ಕಿಂಡಿ ಇಟ್ಟವನು ಕುಳ್ಳನಿದ್ದನೋ ಏನೋ, ಎಂಥ ಗತ್ತಿನ ಅಪ್ಪನೂ ಇಲ್ಲಿ ನಡು ಬಗ್ಗಿಸಿಯೇ ಮಾತಾಡಬೇಕು. ಒಳಗೆ ಕೂತ ಮೇಷ್ಟರಿಗೆ ಬೆಳಗಿನಿಂದ ಬೈತಲೆಗಳೂ ಬೋಳುತಲೆಗಳೂ ಕಂಡಷ್ಟು ಮುಖಗಳು ಕಂಡಿರಲಿಲ್ಲ.

ಮೇಷ್ಟರ ವಿಷಯ ತರ್ಕಶಾಸ್ತ್ರ. ಯಾವ ಮಾತನ್ನೂ ‘ಆದ್ದರಿಂದ’ ಎಂದೇ ಶುರು ಮಾಡುವ ಚಾಳಿ ಅವರಿಗೆ. ತರಗತಿಗೆ ಕಾಲಿಟ್ಟವರೇ, “ಆದ್ದರಿಂದ, ಕಿಟಕಿ ತೆಗೀರಿ,” ಎನ್ನುವರು. ಮಕ್ಕಳು ‘ಆದ್ದರಿಂದ ಮೇಷ್ಟ್ರು’ ಎಂದು ಹೆಸರಿಟ್ಟರು. ಹೆಸರು ಉಳಿಯಿತು, ಮಕ್ಕಳು ಉಳಿಯಲಿಲ್ಲ. ಹೋದ ವರ್ಷ ಇದ್ದವನೊಬ್ಬ. ಅವನೂ ತೇರ್ಗಡೆಯಾಗಿ ಹೋದ. ಕೊನೆಯ ದಿನ ಕೈಮುಗಿದು, “ನಾನು ಬರ್ದೇ ಇದ್ದಿದ್ರೆ ನಿಮಗೆ ರಜಾ ಸಿಗ್ತಿತ್ತಲ್ವಾ ಸಾರ್,” ಎಂದಿದ್ದ. ಪಾಪ, ಕ್ಷಮೆ ಕೇಳುವ ದನಿಯಲ್ಲೇ.

ಪ್ರಾಂಶುಪಾಲರು ಬೆಳಿಗ್ಗೆಯೇ ಬಂದು ಭುಜದ ಮೇಲೆ ಕೈಯಿಟ್ಟಿದ್ದರು. ಅವರು ಕೈಯಿಟ್ಟರೆಂದರೆ ಏನೋ ಕಾದಿದೆ ಎಂದೇ ಲೆಕ್ಕ.

“ಒಬ್ಬರು ಬರಲಿ ಮೇಷ್ಟ್ರೇ, ಒಬ್ಬರೇ ಒಬ್ಬರು. ಸಾಯಂಕಾಲದೊಳಗೆ ಬಂದ್ರೆ ಈ ವರ್ಷಾನೂ ನಡೆಸೋಣ. ಇಲ್ಲಾಂದ್ರೆ ಮುಚ್ಚಲೇಬೇಕು, ನನ್ನ ಕೈಲಿಲ್ಲ. ನೀವೇನು ಬೀದಿಗೆ ಬೀಳಲ್ಲ ಬಿಡಿ. ಇದೇ ಕುರ್ಚಿ ಖಾಯಂ ಮಾಡ್ಕೊಡ್ತೀನಿ. ನಿಮ್ಮಷ್ಟು ಚೆನ್ನಾಗಿ ಸಲಹೆ ಕೊಡೋರು ಯಾರಿದ್ದಾರೆ?”

ಚೆನ್ನಾಗಿ ಎಂದರೆ ಏನೆಂದು ಮೇಷ್ಟರಿಗೆ ಗೊತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕಡೆಯವರಿಗೂ ಬೆಳಕು, ಈ ಕಡೆಯವರಿಗೂ ಬೆಳಕು. ದೀಪ ಇಟ್ಟವನು ಎಲ್ಲಿ ನಿಂತಿದ್ದಾನೆಂದು ಯಾರಿಗೂ ಬೇಡ. ತನ್ನ ವಿಷಯಕ್ಕೆ ಬನ್ನಿ ಎಂದು ಅವರು ಈವರೆಗೆ ಯಾವ ಮಗುವನ್ನೂ ಕರೆದಿರಲಿಲ್ಲ. ತನ್ನೆಲೆಗೆ ತಾನೇ ಬಡಿಸಿಕೊಳ್ಳುವುದು ಸಭ್ಯತೆಯಲ್ಲ ಎಂದು ನಂಬಿದ್ದರು. ಹಸಿವೇ ಇಲ್ಲದವನೂ ಅಷ್ಟೇ ಸಭ್ಯನಾಗಿ ಕಾಣುತ್ತಾನೆ ಎಂಬುದು ಇನ್ನೂ ಹೊಳೆದಿರಲಿಲ್ಲ.

ಹುಡುಗಿಯೊಬ್ಬಳು ಬಂದಳು. ಹಿಂದೆ ಅವಳ ಸೋದರಮಾವ. ಔಷಧದಂಗಡಿಯವರೆಂದು ಹೇಳಬೇಕಾಗಿರಲಿಲ್ಲ, ಅಂಗಿಯ ಜೇಬಿನಲ್ಲಿ ಮಾತ್ರೆಯ ಪಟ್ಟಿ ಕತ್ತರಿಸುವ ಪುಟ್ಟ ಕತ್ತರಿ ಇಣುಕುತ್ತಿತ್ತು, ಮಾತನ್ನೂ ಅದರಲ್ಲೇ ಕತ್ತರಿಸಿ ಕೊಡುತ್ತಿದ್ದರು.

“ಕಾಮರ್ಸ್. ಅಕೌಂಟ್ಸು. ಬೇಗ ಸಾರ್. ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದ್ದೀನಿ.”

“ನಿನಗೇನಮ್ಮಾ ಇಷ್ಟ?”

ಹುಡುಗಿ ಮಾವನ ಮುಖ ನೋಡಲಿಲ್ಲ. ಬಗ್ಗಲೂ ಇಲ್ಲ, ಮಂಡಿಯೂರಿ ಕೂತು ಕಿಂಡಿಯ ಮಟ್ಟಕ್ಕೆ ಮುಖ ತಂದಳು. ಆ ದಿನ ಮೇಷ್ಟರು ಪೂರ್ತಿಯಾಗಿ ನೋಡಿದ ಮೊದಲ ಮುಖ ಅದು.

“ತರ್ಕ ಸಾರ್.”

ಅಕ್ಕನ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಒಳಗೇ ಪಿಸುಗುಟ್ಟಿದರು: “ನೋಡಿ ಸಾರ್, ಹುಡುಕ್ಕೊಂಡು ಬಂದಿದೆ. ಗಾಳಿ ಬಂದಾಗ ತೂರ್ಕೊಳ್ಳಿ.”

“ಯಾಕಮ್ಮಾ ತರ್ಕ?”

“ಮನೇಲಿ ನಾನು ಏನ್ ಹೇಳಿದ್ರೂ ಎಲ್ರೂ ಅದನ್ನೇ ಅಂತಾರೆ ಸಾರ್, ತರ್ಕ ಮಾಡ್ಬೇಡ, ತರ್ಕ ಮಾಡ್ಬೇಡ ಅಂತ. ಇಲ್ಲಿ ಅದನ್ನ ಮೂರು ವರ್ಷ ಕಲಿಸ್ತಾರಂತೆ. ಕಾಲೇಜಲ್ಲೇ ಕಲಿಸ್ತಾರೆ ಅಂದ್ಮೇಲೆ ಅದು ಕೆಟ್ಟದ್ದಲ್ಲ ತಾನೇ?”

“ನೋಡಿ, ಇದೇ ಸಾರ್, ಇದೇ!” ಮಾವ ಗಾಜಿಗೆ ಹಣೆ ತಾಗಿಸಿದರು. “ಈಗ್ಲೇ ಹಿಂಗೆ. ಇನ್ನು ಕಲಿಸಿಬಿಟ್ರೆ ನಾವು ಮನೆ ಬಿಟ್ಟು ಹೋಗ್ಬೇಕು.”

ಅಕ್ಕ ನಕ್ಕರು. ಮಾವನೂ ನಕ್ಕರು. ಹುಡುಗಿ ನಗಲಿಲ್ಲ.

ಮೇಷ್ಟರು ಬಾಯಿ ತೆರೆದರು. ಬಂದದ್ದು ಪಾಠ. “ನೀನು ತಪ್ಪು ತಿಳ್ಕೊಂಡಿದ್ದೀಯಮ್ಮ. ಮನೇಲಿ ಹೇಳೋ ತರ್ಕ ಬೇರೆ, ತರ್ಕಶಾಸ್ತ್ರ ಬೇರೆ. ಇಲ್ಲಿ ಎದುರುತ್ತರ ಕೊಡೋದು ಹೇಳಿಕೊಡಲ್ಲ. ಒಂದು ಮಾತಿಂದ ಇನ್ನೊಂದು ಮಾತು ಹೇಗೆ ಹೊರಡುತ್ತೆ ಅನ್ನೋದು, ಅಷ್ಟೇ.”

“ನಮ್ಮನೇಲಿ ಒಂದ್ ಮಾತಿಂದ ಇನ್ನೊಂದ್ ಮಾತು ಹೊರಡೋದೇ ಇಲ್ಲ ಸಾರ್. ಅಮ್ಮ ಅಂತೂ ಮಾತೇ ಬಿಟ್ಟಿದ್ದಾರೆ. ಯಾಕಮ್ಮ ಅಂದ್ರೆ ಕೈ ಆಡಿಸ್ತಾರೆ, ಹೀಗೆ.” ಅವಳು ನೊಣ ಓಡಿಸುವಂತೆ ಕೈ ಆಡಿಸಿ ತೋರಿಸಿದಳು.

ಮಾವನ ನಗು ಆರಿತು. “ಮನೆ ವಿಷಯ ಇಲ್ಯಾಕೆ? ಸಾರ್, ನಾನು ಎಷ್ಟು ಹೇಳಿದ್ರೂ ಇವಳು ಕೇಳಲ್ಲ. ನೀವೇ ಹೇಳಿ. ನೀವು ಹೇಳಿದ್ದು ವೇದವಾಕ್ಯ. ಕಾಮರ್ಸ್ ತಗೊಂಡ್ರೆ ಅಂಗಡೀಲಿ ಕೂರಬಹುದು. ಇದನ್ನ ತಗೊಂಡ್ರೆ ಏನಾಗ್ತಾಳೆ?”

ನನ್ನ ಹಾಗೆ ಆಗುತ್ತಾಳೆ, ಎಂದುಕೊಂಡರು ಮೇಷ್ಟರು. ಅದು ವಾದವೂ ಆಗಿತ್ತು, ಖಂಡನೆಯೂ ಆಗಿತ್ತು.

“ಕಾಮರ್ಸೂ ಒಳ್ಳೇದೇ,” ಎಂದರು.

“ನೀವ್ಯಾಕೆ ತಗೊಂಡ್ರಿ ಸಾರ್?” ಎಂದಳು ಹುಡುಗಿ.

ಈ ಪ್ರಶ್ನೆಯನ್ನು ಇಷ್ಟು ಹತ್ತಿರ ಕೂತು ಯಾರೂ ಕೇಳಿರಲಿಲ್ಲ. ನಿಜ ಉತ್ತರ ಚಿಕ್ಕದು. ಅವರು ಕಾಲೇಜು ಸೇರಿದ ದಿನ ಇತಿಹಾಸದ ಸಾಲು ಬಾಗಿಲಾಚೆಗೂ ಇತ್ತು, ಬಿಸಿಲಿತ್ತು, ತರ್ಕದ ಮುಂದೆ ಯಾರೂ ಇರಲಿಲ್ಲ. ಆಮೇಲೆ ನೆಂಟರಿಷ್ಟರೆಲ್ಲ ಅವರನ್ನು ಆಳವಾದ ಮನುಷ್ಯ ಎನ್ನತೊಡಗಿದರು. ಬೇಡ ಎನ್ನಲು ಕಾರಣ ಸಿಗಲಿಲ್ಲ.

“ಆಸಕ್ತಿ ಇತ್ತು,” ಎಂದರು.

“ನನಗೂ ಇದೆ ಸಾರ್.”

“ಆಸಕ್ತಿ ಒಂದೇ ಸಾಲದಮ್ಮ.”

“ನಿಮಗೆ ಸಾಕಾಯ್ತಲ್ಲ?”

ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾವ ಗಡಿಯಾರ ನೋಡಿಕೊಂಡರು. ಹುಡುಗಿಯ ಕಣ್ಣು ಕಿಂಡಿಯಿಂದ ಕದಲಲಿಲ್ಲ. ಅದರಲ್ಲಿ ಸೊಕ್ಕಿರಲಿಲ್ಲ, ಬರೀ ಕಾಯುವಿಕೆ ಇತ್ತು. ಮೇಷ್ಟರ ಕಿವಿ ಬಿಸಿಯಾಯಿತು.

“ದೊಡ್ಡವರು ಹೇಳಿದಾಗ ಕೇಳಬೇಕು. ತರ್ಕ ಮಾಡಬೇಡ,” ಎಂದರು.

ಅಕ್ಕ, ನಗಬಾರದವರ ಮುಂದೆ ತಮಾಷೆ ಕೇಳಿಸಿಕೊಂಡವರ ಹಾಗೆ, ಪರದೆಯ ಕಡೆ ತಿರುಗಿದರು. ಹುಡುಗಿ ಎದ್ದು ಮಂಡಿಯ ಧೂಳು ಕೊಡವಿದಳು. “ಸರಿ ಸಾರ್,” ಎಂದಳು. ಆ ಸರಿಯಲ್ಲಿ ಸಿಟ್ಟಿದ್ದರೆ ಮೇಷ್ಟರಿಗೆ ಎಷ್ಟೋ ವಾಸಿಯಿತ್ತು.

“ದೇವರಂಥೋರು ಸಾರ್ ನೀವು!” ಎಂದು ಮಾವ ಬಗ್ಗಿ ಕಿಂಡಿಯೊಳಗೇ ಕೈ ತೂರಿಸಿ ಕುಲುಕಿದರು.

ಅವರು ಹೋದ ಮೇಲೆ ಹೆಂಡತಿಯ ಫೋನ್ ಬಂತು.

“ಊಟಕ್ಕೆ ಬರ್ತೀರಾ?”

“ನೋಡೋಣ.”

“ನೋಡೋಣ ಅಂದ್ರೆ ಬರ್ತೀರೋ ಇಲ್ವೋ?”

“ಇಲ್ಲಿ ಜನ ಇದ್ದಾರೆ.”

“ಜನ ಇರೋದಕ್ಕೂ ನೀವು ಬರೋದಕ್ಕೂ ಏನ್ರೀ ಸಂಬಂಧ? ಸರಿ, ಮುಚ್ಚಿಡ್ತೀನಿ.”

ಮೇಷ್ಟರು ಊಟಕ್ಕೆ ಹೋಗಲಿಲ್ಲ. ಒಂದಾದ ಮೇಲೊಂದು ತಲೆ ಬಗ್ಗುತ್ತಿತ್ತು. ನಿನಗೇನಿಷ್ಟ, ನಿನಗೇನಿಷ್ಟ. ನಡುನಡುವೆ ಒಳಗೇ ಲೆಕ್ಕ ಹಾಕಿದರು: ನಾನು ಹೇಳಿದ್ದು ಹುಡುಗಿಯ ಒಳ್ಳೆಯದಕ್ಕೆ. ನನ್ನ ಲಾಭವನ್ನೇ ಬಿಟ್ಟುಕೊಟ್ಟು ಹೇಳಿದೆ. ಲಾಭ ಬಿಟ್ಟವನ ಮಾತಿನಲ್ಲಿ ಮೋಸವಿರುವುದಿಲ್ಲ. ಮೂರೂ ವಾಕ್ಯ ನೆಟ್ಟಗಿದ್ದವು. ಸೇರಿಸಿದರೆ ಹಸಿ ಸುಳ್ಳು. ಏಕೆಂದರೆ ಅವಳು ಎದ್ದು ಹೋದಾಗ ಅವರಿಗಾದದ್ದು ದುಃಖವಲ್ಲ, ನಿರಾಳ. ವರ್ಷವಿಡೀ ದಿನವೂ ಎದುರಿಗೆ ಕೂತು ಯಾಕೆ ಎಂದು ಕೇಳುವ ಒಂದು ಮುಖ! ಖಾಲಿ ಬೆಂಚುಗಳು ಎಷ್ಟು ಮರ್ಯಾದಸ್ಥ ಪ್ರಾಣಿಗಳು!

ಸಂಜೆಯಾಯಿತು. ಅಕ್ಕ ಕಿಂಡಿಗೆ ಹಲಗೆ ಸರಿಸಿ ಚಿಲಕ ಹಾಕಿದರು.

“ಮುಚ್ಚಲಾ ಸಾರ್, ತರ್ಕಾನ? ಒತ್ತಿಬಿಟ್ರೆ ಮುಗೀತು. ಮತ್ತೆ ತೆಗೆಯೋಕೆ ಬರಲ್ಲ.”

“ಪ್ರಾಂಶುಪಾಲರು ಏನಂದ್ರು?”

“ನಿಮ್ಮನ್ನ ಕೇಳಿ ಒತ್ತು ಅಂದ್ರು.”

“ಅವರಿಗೆ ಬಿಟ್ಟದ್ದು.”

“ಅವರು ನಿಮಗೆ ಬಿಟ್ಟಿದ್ದಾರಲ್ಲ ಸಾರ್!” ಅಕ್ಕ ನಿಟ್ಟುಸಿರು ಬಿಟ್ಟು ಚೀಲ ಹೆಗಲಿಗೇರಿಸಿದರು. “ಬಸ್ಸು ಹೋಗುತ್ತೆ. ನಾನು ಒತ್ತಿಲ್ಲ. ನೀವೇ ಒತ್ತಿ, ಇಲ್ಲ ಬಿಡಿ.”

ಮೇಷ್ಟರು ಒಬ್ಬರೇ ಉಳಿದರು. ಪರದೆ ಬೆಳಗುತ್ತಿತ್ತು. ತಲೆಯೆತ್ತಿದರೆ ಗಾಜಿನಾಚೆ ಅದೇ ಹುಡುಗಿ. ಮಾವ ಇರಲಿಲ್ಲ. ಓಡಿ ಬಂದವಳಂತೆ ಎದೆ ಏರಿಳಿಯುತ್ತಿತ್ತು. ಕಿಂಡಿ ಮುಚ್ಚಿದ್ದನ್ನು ನೋಡಿದಳು. ಈ ಸಲ ಮಂಡಿಯೂರಲಿಲ್ಲ, ನಿಂತೇ ಮಾತಾಡಲು ಶುರು ಮಾಡಿದಳು.

ಒಂದಕ್ಷರವೂ ಕೇಳಿಸಲಿಲ್ಲ. ತುಟಿ ಆಡುತ್ತಿತ್ತು, ಬೆರಳು ಮಡಿಸಿ ಮಡಿಸಿ ಒಂದೊಂದೇ ಮಾತನ್ನು ಎಣಿಸುತ್ತಿದ್ದಳು. ಎಲ್ಲಿಯೂ ತಡವರಿಸಲಿಲ್ಲ. ಬಹಳ ಚೆನ್ನಾಗಿ ಮಾತಾಡುತ್ತಿದ್ದಾಳೆ ಎಂದು ಮೇಷ್ಟರಿಗೆ ಅನ್ನಿಸಿತು, ಕೇಳದೆಯೇ ಅನ್ನಿಸಿತು. ಅವರು ತಲೆಯಾಡಿಸಿದರು. ಯಾವುದಕ್ಕೆ ಆಡಿಸಿದರೋ ಅವರಿಗೇ ಗೊತ್ತಿಲ್ಲ. ಕೈ ಚಿಲಕದ ಮೇಲೆ ಹೋಗಿ ಕೂತಿತು, ಅಲ್ಲೇ ಕೂತಿತ್ತು.

ಹಜಾರದ ಕೊನೆಯಲ್ಲಿ ಕಾವಲುಗಾರ ದೀಪ ಆರಿಸತೊಡಗಿದ. ಒಂದು ಸಾಲು ಆರಿತು, ಮತ್ತೊಂದು ಸಾಲು. ಕತ್ತಲು ಹುಡುಗಿಯ ಬೆನ್ನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂತು. ಅವಳ ಮುಖ ಮಸುಕಾದಂತೆ ಅದೇ ಜಾಗದಲ್ಲಿ ಇನ್ನೊಂದು ಮುಖ ಮೂಡುತ್ತಿತ್ತು. ಸ್ವಲ್ಪ ಹೊತ್ತು ಅವಳ ತುಟಿ ಆ ಮುಖದಲ್ಲಿ ಆಡಿತು. ಕೊನೆಯ ದೀಪವೂ ಆರಿತು.

ಈಗ ಗಾಜಿನಲ್ಲಿ ಮೇಷ್ಟರೊಬ್ಬರೇ ಇದ್ದರು, ಬಾಯಿ ಅರೆ ತೆರೆದು. ಆ ಮುಖದ ಹಿಂದಿನಿಂದ ಯಾರೋ ಗಾಜಿಗೆ ಬೆರಳಲ್ಲಿ ತಟ್ಟುತ್ತಿದ್ದರು, ಸರಿಯಾಗಿ ಅವರ ಹಣೆಯ ಮೇಲೆ.