ಅಕ್ಕ ಕೂತ ಕುರ್ಚಿ

ಏಳು ವಾರದಿಂದ ಅಕ್ಕ ಯಾವ ಕುರ್ಚಿಯಲ್ಲೂ ಕೂತಿರಲಿಲ್ಲ. ಗರ್ಭಕೋಶ ತೆಗೆಸಿಕೊಂಡ ಹತ್ತನೇ ದಿನದಿಂದ ಹಗಲೂ ರಾತ್ರಿ ಕೆಳಗಿನಿಂದ ನೀರು ತೊಟತೊಟ ಸೋರುತ್ತಿತ್ತು. ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ನೆಲದ ಮೇಲೆ ಕೂರುತ್ತಿದ್ದಳು. ಮೊಮ್ಮಗು ತೊಡೆ ಏರಲು ಬಂದರೆ ಏನಾದರೊಂದು ನೆಪ ಹೇಳಿ ಇಳಿಸುತ್ತಿದ್ದಳು.

ಆಪರೇಷನ್ ಮಾಡಿದ ಡಾಕ್ಟರ ಬಳಿ ಮೂರು ಸಲ ಹೋಗಿಬಂದಿದ್ದಳು. ಮೂರು ಸಲವೂ ಅವರು ಪರೀಕ್ಷೆ ಮಾಡುವ ಗೋಜಿಗೇ ಹೋಗದೆ, ಬ್ಯಾಕ್ಟೀರಿಯಾ ಸೋಂಕು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಮಾತ್ರೆ ಬರೆದಿದ್ದರು.

ತಂಗಿಗೆ ಗೊತ್ತಾದದ್ದು ಬಟ್ಟೆ ಒಗೆಯಲು ಕೂತಾಗ. ಬಕೆಟ್ಟಿನ ತುಂಬ ಹರಿದ ಟವೆಲುಗಳು, ಮೂಗಿಗೆ ಅಡರುವ ವಾಸನೆ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಅಕ್ಕ ಬಕೆಟ್ಟನ್ನು ತನ್ನ ಕಡೆ ಎಳೆದುಕೊಂಡಳು. ಸೋರಿದ್ದನ್ನು ಶೀಶೆಯಲ್ಲಿ ಹಿಡಿದು ತಂಗಿ ಪರೀಕ್ಷೆ ಮಾಡಿಸಿದಳು. ಅಪ್ಪಟ ಮೂತ್ರ. ಆಪರೇಷನ್ ವೇಳೆ ಕತ್ತರಿ ತಗುಲಿಯೋ ಹೊಲಿಗೆ ಬಿದ್ದೋ, ಮೂತ್ರಚೀಲ ಒಳಗೇ ತೂತಾಗಿತ್ತು.

ನಾಲ್ಕನೇ ಸಲ ಇಬ್ಬರೂ ಹೋದರು. ಅಕ್ಕ ಎಂದಿನಂತೆ ಕೈಚೀಲವನ್ನು ಹಿಂದಕ್ಕೆ ಅಡ್ಡ ಹಿಡಿದು ನಿಂತೇ ಇದ್ದಳು. ಡಾಕ್ಟರು ವರದಿಯ ಹಾಳೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು.

"ನೀವೇನು ಡಾಕ್ಟ್ರಾ?"

"ಅಲ್ಲ. ಬ್ಯಾಕ್ಟೀರಿಯಾ ಸಾಕೋಳು," ಎಂದಳು ತಂಗಿ. ಲ್ಯಾಬಿನಲ್ಲಿ ಅವಕ್ಕೆ ಎರಡು ಬಗೆಯ ಸಕ್ಕರೆ ಹಾಕಿ, ಅವುಗಳ ಯಾವ ಜೀನು ಯಾವಾಗ ಎಚ್ಚರಗೊಳ್ಳುತ್ತದೆ ಎಂದು ನೋಡುವುದೇ ಅವಳ ಕೆಲಸ. "ಸುಲಭದ ಸಕ್ಕರೆ ಇರೋ ತನಕ ಅವು ಹಾಲಿನ ಸಕ್ಕರೆ ಮುಟ್ಟಲ್ಲ. ಅದು ಮುಗಿದ ಕೂಡ್ಲೇ ಹಾಲಿನ ಸಕ್ಕರೆ ಒಡೆಯೋ ಜೀನು ಶುರುವಾಗತ್ತೆ. ಕಣ್ಣಿಲ್ಲ, ತಲೆಯಿಲ್ಲ, ಆದ್ರೂ ಎದುರಿಗೆ ಏನಿದೆ ಅಂತ ತಿಳ್ಕೊಂಡೇ ಮುಂದಿನ ಕೆಲಸ ಮಾಡ್ತವೆ. ನೀವು ಮೂರು ಸಲ ಬ್ಯಾಕ್ಟೀರಿಯಾ ಮೇಲೆ ಗೂಬೆ ಕೂರಿಸಿದ್ರಿ. ಒಂದು ಸಲನಾದ್ರೂ ಅಕ್ಕನ್ನ ನೋಡಿದ್ರಾ?"

ಡಾಕ್ಟರು ದನಿಯೇರಿಸಿದರು. ಹೊರಗೆ ಜನ ಕಾಯುತ್ತಿದ್ದಾರೆ, ಬೇಕಾದರೆ ಬೇರೆ ಕಡೆ ತೋರಿಸಿಕೊಳ್ಳಿ ಎಂದು ಬಾಗಿಲ ಕಡೆ ಕೈ ಮಾಡಿದರು.

ಆಗ ಅಕ್ಕ ಕೈಚೀಲ ಕೆಳಗಿಟ್ಟಳು. ಮೇಜಿನ ಎದುರಿನ ಬಿಳಿ ಮೆತ್ತೆಯ ಕುರ್ಚಿ ಎಳೆದುಕೊಂಡು, ಏಳು ವಾರದ ದಣಿವನ್ನೆಲ್ಲ ಬಿಟ್ಟವಳಂತೆ ಕೂತಳು. ಸ್ವಲ್ಪ ಹೊತ್ತಿಗೆ ಮೆತ್ತೆಯ ಅಂಚಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

ಡಾಕ್ಟರು ಮೊದಲ ಸಲ ನೋಡಿದರು. ಗಂಟೆ ಒತ್ತಿ, ನರ್ಸಿಗೆ ಪರೀಕ್ಷೆಯ ಮಂಚ ಸಿದ್ಧಮಾಡಲು ಹೇಳಿದರು. ದನಿ ಇಳಿದಿತ್ತು. "ಏಳಿ ಅಮ್ಮ, ಒಳಗೆ ಬನ್ನಿ."

"ಬರ್ತೀನಿ," ಎಂದಳು ಅಕ್ಕ, ಅಲುಗಾಡದೆ. "ಮೊದ್ಲು ಫೈಲಲ್ಲಿ ಬರೀರಿ, ಇದು ವಯಸ್ಸಿಂದ ಆಗಿದ್ದಲ್ಲ, ನಿಮ್ಮ ಆಪರೇಷನ್ನಿಂದ ಆಗಿದ್ದು ಅಂತ. ಕಾಯ್ತೀನಿ. ನಂಗೆ ಕೂರಕ್ಕೆ ಜಾಗ ಸಿಕ್ತು."